ಫ್ಲೂಯಿಡ್ ಡೈನಮಿಕ್ಸ್ ಪಿಎಚ್‌ಡಿ ಮುಗಿಯುತ್ತಿದೆ, ಸಮುದ್ರದ ಕಡೆ ಪೋಸ್ಟ್‌ಡಾಕ್ ಬೇಕು. ಎಲ್ಲಿಂದ ಶುರು ಮಾಡಲಿ?

ಪದರಪದರ:

ಎಲ್ಲರಿಗೂ ನಮಸ್ಕಾರ. ಮೆಕ್ಯಾನಿಕಲ್ ವಿಭಾಗದಲ್ಲಿ ಪಿಎಚ್‌ಡಿ ಕೊನೆ ಹಂತದಲ್ಲಿದ್ದೇನೆ. ಮುಂದಿನ ವರ್ಷ ಈ ಹೊತ್ತಿಗೆ ಥೀಸಿಸ್ ಕೊಟ್ಟು ಮುಗಿದಿರಬೇಕು. ಕೆಲಸ ಪೂರ್ತಿ ಡಿಎನ್‌ಎಸ್, ಅಂದರೆ ಟರ್ಬುಲೆನ್ಸಿನ ಅತಿ ಸಣ್ಣ ಸುಳಿಯನ್ನೂ ಬಿಡದೆ ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕೋದು. ಮೇಲೆ ಹಗುರ, ಕೆಳಗೆ ಭಾರ ಇರುವ ಪದರಗಟ್ಟಿದ ದ್ರವದಲ್ಲಿ ಶಿಯರ್ (ಪದರಗಳ ನಡುವೆ ವೇಗದ ವ್ಯತ್ಯಾಸ) ಇದ್ದರೆ ಕೆಲ್ವಿನ್-ಹೆಲ್ಮ್‌ಹೋಲ್ಟ್ಸ್ ಸುರುಳಿಗಳು ಹೇಗೆ ಏಳುತ್ತವೆ, ಹೇಗೆ ಒಡೆದು ಟರ್ಬುಲೆನ್ಸ್ ಆಗುತ್ತವೆ, ಅದು ಸಾಯುವಷ್ಟರಲ್ಲಿ ಎಷ್ಟು ಮಿಕ್ಸಿಂಗ್ ಆಗಿರುತ್ತದೆ ಅನ್ನುವುದು ವಿಷಯ. ಪ್ರತಿ ಪೇಪರಿನ ಮೊದಲ ಪ್ಯಾರಾದಲ್ಲೂ "ಸಮುದ್ರದಲ್ಲಿ ಇದು ಬಹಳ ಮುಖ್ಯ" ಅಂತ ಬರೆಯುತ್ತೇವೆ. ಆದರೆ ಸಮುದ್ರದ ಡೇಟಾ ಫೈಲ್ ಒಂದನ್ನೂ ನಾನು ತೆರೆದು ನೋಡಿಲ್ಲ.

ಈಗ ಪೋಸ್ಟ್‌ಡಾಕ್‌ಗೆ ನಿಜವಾಗಿಯೂ ಫಿಸಿಕಲ್ ಓಷನೋಗ್ರಫಿ ಕಡೆ ಹೋಗೋಣ ಅಂತ ಮನಸ್ಸಾಗಿದೆ. ಆದರೆ ಜಾಹೀರಾತು ನೋಡಿದರೆ ಎದೆ ಒಡೆಯುತ್ತದೆ. ಒಂದರಲ್ಲಿ "ಹಡಗಿನ ಅನುಭವ ಇದ್ದರೆ ಒಳ್ಳೆಯದು" ಅಂತಿದೆ, ಇನ್ನೊಂದರಲ್ಲಿ ರಾಮ್ಸ್ ಅಥವಾ ನೀಮೊ ಅನ್ನುವ ಸಮುದ್ರದ ಕಂಪ್ಯೂಟರ್ ಮಾಡೆಲ್ ಓಡಿಸಿರಬೇಕು ಅಂತಿದೆ, ಮತ್ತೊಂದರಲ್ಲಿ ಮಷೀನ್ ಲರ್ನಿಂಗ್ ಬೇಕಂತೆ. ನನ್ನ ಹತ್ತಿರ ಮೂರೂ ಇಲ್ಲ. ಕೆಲವು ಪ್ರೊಫೆಸರ್‌ಗಳಿಗೆ ಮೇಲ್ ಹಾಕಿದೆ, ಯಾರೂ ಉತ್ತರ ಕೊಟ್ಟಿಲ್ಲ.

ಫೆಲೋಶಿಪ್‌ಗೆ ಅರ್ಜಿ ಹಾಕೋದು ವಾಸಿಯೋ, ಯಾರದೋ ಪ್ರಾಜೆಕ್ಟಿನಲ್ಲಿ ಸೇರಿಕೊಳ್ಳೋದು ವಾಸಿಯೋ? ನನ್ನ ಥರದವರನ್ನು ಸಮುದ್ರದವರು ತೆಗೆದುಕೊಳ್ತಾರಾ? ಈಗಲೇ ಶುರು ಮಾಡಬೇಕಾ ಅಥವಾ ಥೀಸಿಸ್ ಮುಗಿದ ಮೇಲೆ ನೋಡಿದರೆ ಆಗುತ್ತದಾ?

ಉಪ್ಪುಗಾಳಿ:

ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಈಗಲೇ. ಥೀಸಿಸ್ ಮುಗಿದ ಮೇಲೆ ಅಂದರೆ ನಡುವೆ ಸಂಬಳ ಇಲ್ಲದ ತಿಂಗಳುಗಳು ಬರುತ್ತವೆ. ದೊಡ್ಡ ಫೆಲೋಶಿಪ್‌ಗಳಲ್ಲಿ ಅರ್ಜಿ ಹಾಕಿದ ದಿನದಿಂದ ಕೆಲಸಕ್ಕೆ ಸೇರುವ ದಿನದವರೆಗೆ ಹೆಚ್ಚುಕಡಿಮೆ ಒಂದು ವರ್ಷ ಹೋಗುತ್ತದೆ, ವೀಸಾ ಬೇಕಾದರೆ ಇನ್ನೂ ಸ್ವಲ್ಪ.

ಇನ್ನು ನಿಮ್ಮನ್ನು ತೆಗೆದುಕೊಳ್ತಾರಾ ಅನ್ನುವುದು. ನಾನು ಸಮುದ್ರದ ಮಿಕ್ಸಿಂಗ್ ಅಳೆಯುವ ಕಡೆಯವನು, ಹಾಗಾಗಿ ನನ್ನ ಮಾತಿನಲ್ಲಿ ಸ್ವಲ್ಪ ಪಕ್ಷಪಾತ ಇರಬಹುದು. ಆದರೆ ನಿಮ್ಮ ಥೀಸಿಸ್ ಕೂತಿರುವ ಜಾಗ ನಿಮಗೇ ಗೊತ್ತಿಲ್ಲ ಅನ್ನಿಸುತ್ತದೆ, ಸ್ವಲ್ಪ ವಿವರವಾಗಿ ಹೇಳುತ್ತೇನೆ.

1966ರಲ್ಲಿ ವಾಲ್ಟರ್ ಮಂಕ್ ಅನ್ನುವ ಸಮುದ್ರ ವಿಜ್ಞಾನಿ ಒಂದು ಸರಳ ಲೆಕ್ಕ ಹಾಕಿದರು. ಧ್ರುವದ ಕಡೆ ಮುಳುಗಿದ ತಣ್ಣೀರು ನಿಧಾನವಾಗಿ ಮೇಲೇರಬೇಕು, ಆದರೂ ಸಾಂದ್ರತೆಯ ಪದರಗಳು ಈಗಿರುವ ಹಾಗೇ ಉಳಿಯಬೇಕು ಅಂದರೆ ಎಷ್ಟು ಮಿಕ್ಸಿಂಗ್ ಬೇಕು ಅಂತ. ಸೆಕೆಂಡಿಗೆ ಸುಮಾರು 1 ಚದರ ಸೆಂಟಿಮೀಟರ್ ಡಿಫ್ಯೂಸಿವಿಟಿ (ಮಿಕ್ಸಿಂಗ್ ಎಷ್ಟು ಜೋರು ಅನ್ನುವ ಅಳತೆ) ಬೇಕು ಅಂತ ಬಂತು. ಆಮೇಲೆ ಜನ ಅಳೆಯೋಕೆ ಹೋದರು. ಅಟ್ಲಾಂಟಿಕ್‌ನಲ್ಲಿ ಕೆಲವು ನೂರು ಮೀಟರ್ ಆಳದಲ್ಲಿ ಸಲ್ಫರ್ ಹೆಕ್ಸಾಫ್ಲೋರೈಡ್ ಅನ್ನುವ ಗುರುತಿನ ವಸ್ತು ಬಿಟ್ಟು, ಅದು ಮೇಲೆ ಕೆಳಗೆ ಎಷ್ಟು ಹರಡಿತು ಅಂತ ತಿಂಗಳುಗಟ್ಟಲೆ ಹಿಂಬಾಲಿಸಿದರು. 1993ರಲ್ಲಿ ಫಲಿತಾಂಶ ಬಂದಾಗ ನೋಡಿದರೆ 0.1ರ ಆಸುಪಾಸು. ಅಂದರೆ ಬೇಕಾದದ್ದರ ಹತ್ತನೇ ಒಂದು ಪಾಲು. ಉಳಿದದ್ದು ಎಲ್ಲಿ ಹೋಯಿತು? 1997ರ ಹೊತ್ತಿಗೆ ಬ್ರೆಜಿಲ್ ಬೇಸಿನ್ನಿನ ಅಳತೆಗಳು ಒಂದು ದಾರಿ ತೋರಿಸಿದವು: ತಳ ಒರಟಾಗಿರುವ ಕಡೆ, ಉಬ್ಬರವಿಳಿತದ ನೀರು ಬೆಟ್ಟಗಳ ಮೇಲೆ ಹಾಯುವ ಕಡೆ ಮಿಕ್ಸಿಂಗ್ ಜೋರು. ಸಮತಟ್ಟು ತಳದ ಮೇಲೆ ಏನೂ ಇಲ್ಲ ಅನ್ನುವಷ್ಟು ಕಡಿಮೆ.

ಈ ಅಳತೆಗಳಲ್ಲಿ ಬಹುಪಾಲು ನೇರ ಅಳತೆ ಅಲ್ಲ. ನಾವು ಕಡಲಲ್ಲಿ ಇಳಿಬಿಡುವ ಉಪಕರಣದ ಮೂತಿಯಲ್ಲಿ ಬೆರಳ ತುದಿಗಿಂತ ಸಣ್ಣ ಶಿಯರ್ ಪ್ರೋಬ್ ಇರುತ್ತದೆ. ಅದು ಸೆಂಟಿಮೀಟರ್ ಮಟ್ಟದ ವೇಗದ ಏರಿಳಿತ ಹಿಡಿಯುತ್ತದೆ, ಅದರಿಂದ ಡಿಸಿಪೇಶನ್, ಅಂದರೆ ಟರ್ಬುಲೆನ್ಸಿನ ಶಕ್ತಿ ಶಾಖವಾಗಿ ಕರಗುವ ದರ, ಸಿಗುತ್ತದೆ. ಡಿಸಿಪೇಶನ್‌ನಿಂದ ಮಿಕ್ಸಿಂಗ್‌ಗೆ ಹೋಗೋಕೆ ಆಸ್ಬಾರ್ನ್ 1980ರಲ್ಲಿ ಕೊಟ್ಟ ಸೂತ್ರ ಇದೆ, ಅದರಲ್ಲಿ ಗಾಮಾ ಅಂತ ಒಂದು ಗುಣಕ, ಡಿಸಿಪೇಶನ್‌ಗೆ ಹೋಲಿಸಿದರೆ ಎಷ್ಟು ಶಕ್ತಿ ಮಿಕ್ಸಿಂಗ್‌ಗೆ ಹೋಗುತ್ತದೆ ಅನ್ನುವುದು. ಅವರು 0.2 ಅನ್ನುವುದನ್ನು ಮೇಲಿನ ಮಿತಿ ಅಂತ ಹೇಳಿದ್ದರು, ಜನ ಅದನ್ನೇ ಸ್ಥಿರಾಂಕ ಮಾಡಿಕೊಂಡುಬಿಟ್ಟರು. ಈಗಲೂ ಬಹಳಷ್ಟು ಕಡೆ ಸುಮ್ನೆ 0.2 ಹಾಕಿ ಮುಂದೆ ಹೋಗುತ್ತಾರೆ. ಆ ಗಾಮಾ ನಿಜಕ್ಕೂ ಸ್ಥಿರವೋ, ಸುರುಳಿಯ ವಯಸ್ಸಿನ ಮೇಲೆ ಬದಲಾಗುತ್ತದೋ, ಬಾಯನ್ಸಿ ರೆನಾಲ್ಡ್ಸ್ ಸಂಖ್ಯೆಯ (ಪದರಗಳ ತಡೆ ಮತ್ತು ಸ್ನಿಗ್ಧತೆಯ ಎದುರು ಟರ್ಬುಲೆನ್ಸ್ ಎಷ್ಟು ಬಲವಾಗಿದೆ ಅನ್ನುವ ಸಂಖ್ಯೆ) ಮೇಲೆ ಬದಲಾಗುತ್ತದೋ ಅನ್ನುವ ಜಗಳ ಇನ್ನೂ ಮುಗಿದಿಲ್ಲ. ನಿಮ್ಮ ಥೀಸಿಸ್ ಇದೇ ಅಲ್ವಾ?

ಹಾಗಾಗಿ "ನನಗೆ ಸಮುದ್ರ ಗೊತ್ತಿಲ್ಲ, ದಯವಿಟ್ಟು ಸೇರಿಸಿಕೊಳ್ಳಿ" ಅನ್ನುವ ಧಾಟಿ ಬಿಡಿ. ನೀವು ಖಾಲಿ ಕೈಯಲ್ಲಿ ಬರುತ್ತಿಲ್ಲ. ಆದರೆ ಎರಡು ಪ್ರಶ್ನೆಗೆ ತಯಾರಾಗಿರಿ, ಸಮುದ್ರದವರು ಕೇಳಿಯೇ ಕೇಳುತ್ತಾರೆ. ಒಂದು, ನಿಮ್ಮ ಪ್ರಾಂಟ್ಲ್ ಸಂಖ್ಯೆ (ಶಾಖ ಅಥವಾ ಉಪ್ಪು ಹರಡುವುದಕ್ಕೆ ಹೋಲಿಸಿದರೆ ಸ್ನಿಗ್ಧತೆ ಎಷ್ಟು ಪಟ್ಟು ಅನ್ನುವುದು) ಎಷ್ಟು? ಡಿಎನ್‌ಎಸ್‌ನಲ್ಲಿ ಖರ್ಚು ಉಳಿಸೋಕೆ 1 ಇಟ್ಟುಕೊಂಡಿರುತ್ತೀರಿ. ನೀರಿನಲ್ಲಿ ಶಾಖಕ್ಕೆ ಅದು 7ರ ಸುತ್ತಮುತ್ತ, ತಣ್ಣೀರಿನಲ್ಲಿ ಅದಕ್ಕಿಂತ ಜಾಸ್ತಿ, ಉಪ್ಪಿಗೆ 700ರ ಸುಮಾರು. ಎರಡು, ನಿಮ್ಮ ಬಾಯನ್ಸಿ ರೆನಾಲ್ಡ್ಸ್ ಸಂಖ್ಯೆ ಎಲ್ಲಿಯವರೆಗೆ ಹೋಗಿದೆ? ಕಡಲಲ್ಲಿ ಅದು ಹತ್ತರಿಂದ ಹಿಡಿದು ಹತ್ತಾರು ಸಾವಿರದವರೆಗೆ ಸಿಗುತ್ತದೆ. ನಿಮ್ಮದು ನೂರರ ಆಸುಪಾಸಿದ್ದರೆ ನಾಚಿಕೆಪಡಬೇಕಿಲ್ಲ, ಆದರೆ ಆ ನೂರು ಕಡಲಿನ ಯಾವ ಜಾಗಕ್ಕೆ ಹೊಂದುತ್ತದೆ ಅಂತ ಹೇಳೋಕೆ ಬರಬೇಕು. ಥರ್ಮೋಕ್ಲೈನ್‌ನಲ್ಲಿ (ಆಳಕ್ಕೆ ಹೋದಂತೆ ತಾಪ ಬೇಗ ಇಳಿಯುವ ಪದರ) ಅಷ್ಟು ಧಾರಾಳವಾಗಿ ಸಿಗುತ್ತದೆ. ಜೋರಾದ ಒಳ ಅಲೆಗಳು ಇಳಿಜಾರಿನ ಮೇಲೆ ಒಡೆಯುವಲ್ಲಿ ಸಿಗೋದಿಲ್ಲ.

ಜಾಹೀರಾತು ಹುಡುಕೋದು ಎರಡನೇ ಕೆಲಸ. ಮೊದಲ ಕೆಲಸ, ನಿಮ್ಮ ಉತ್ತರ ಯಾರಿಗೆ ಬೇಕಾಗಿದೆ ಅಂತ ಪಟ್ಟಿ ಮಾಡೋದು. ಮೈಕ್ರೋಸ್ಟ್ರಕ್ಚರ್, ಅಂದರೆ ಈ ಸೆಂಟಿಮೀಟರ್ ಮಟ್ಟದ ಏರಿಳಿತ, ಅಳೆಯುವ ಗುಂಪುಗಳು ಲೋಕದಲ್ಲಿ ಲೆಕ್ಕಕ್ಕೆ ಸಿಗುವಷ್ಟೇ ಇವೆ. ಸ್ಯಾನ್ ಡಿಯೇಗೊದ ಸ್ಕ್ರಿಪ್ಸ್, ಸಿಯಾಟಲ್‌ನಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಅಪ್ಲೈಡ್ ಫಿಸಿಕ್ಸ್ ಲ್ಯಾಬ್, ಕೊರ್ವಾಲಿಸ್‌ನ ಓರೆಗಾನ್ ಸ್ಟೇಟ್, ವುಡ್ಸ್ ಹೋಲ್, ನಾರ್ವೆಯ ಬರ್ಗನ್, ಬ್ರಿಟನ್ನಿನ ನ್ಯಾಷನಲ್ ಓಷನೋಗ್ರಫಿ ಸೆಂಟರ್, ಇನ್ನೂ ಕೆಲವು. ಒಂದು ವಾರ ಕೂತು ಈ ಜನರ ಇತ್ತೀಚಿನ ಪೇಪರ್‌ಗಳ ಕೊನೆಯ ಪುಟ ಮಾತ್ರ ಓದಿ. "ಇದು ನಮಗೆ ಇನ್ನೂ ಅರ್ಥ ಆಗಿಲ್ಲ" ಅಂತ ಎಲ್ಲಿ ಬರೆದಿದ್ದಾರೋ ಅಲ್ಲೇ ನಿಮ್ಮ ಪೋಸ್ಟ್‌ಡಾಕ್ ಇದೆ.

ತಿಂಗಳ_ಕೊನೆ:

ಮೇಲಿನವರು ವಿಜ್ಞಾನ ಹೇಳಿದ್ದಾರೆ, ನಾನು ಕ್ಯಾಲೆಂಡರ್ ಹೇಳುತ್ತೇನೆ.

ಯುರೋಪಿನ ಮೇರಿ ಕ್ಯೂರಿ ಪೋಸ್ಟ್‌ಡಾಕ್ ಫೆಲೋಶಿಪ್ ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ ಮುಚ್ಚುತ್ತದೆ. ಅಷ್ಟರೊಳಗೆ ಪಿಎಚ್‌ಡಿ ಡಿಫೆನ್ಸ್ ಆಗಿರಬೇಕು, ಇದನ್ನು ಗೋಡೆಗೆ ಅಂಟಿಸಿಕೊಳ್ಳಿ. ಹಿಂದಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಜಾಸ್ತಿ ನೀವು ಹೋಗಬೇಕೆಂದಿರುವ ದೇಶದಲ್ಲಿ ಇದ್ದಿರಬಾರದು. ಹೋಸ್ಟ್ ಸಂಸ್ಥೆಯ ಜೊತೆ ಸೇರಿ ಬರೆಯುವ ಅರ್ಜಿ ಇದು. ಮುಖ್ಯ ಭಾಗ 10 ಪುಟ, ಅದರಲ್ಲಿ ವಿಜ್ಞಾನಕ್ಕೆ 50, ಪರಿಣಾಮಕ್ಕೆ 30, ಜಾರಿಗೆ 20 ಅನ್ನುವ ತೂಕ. ಫ್ಲೂಯಿಡ್ಸ್ ಜನ ಮೊದಲ ಐವತ್ತಕ್ಕೆ ಜೀವ ತೇಯ್ದು ಉಳಿದ ಐವತ್ತನ್ನು ಕೊನೆ ರಾತ್ರಿ ಬರೆಯುತ್ತಾರೆ, ಬಿದ್ದುಹೋಗೋದು ಅಲ್ಲೇ. ಪೈಪೋಟಿ ಈಗ ಸಿಕ್ಕಾಪಟ್ಟೆ. 2024ರಲ್ಲಿ ಹತ್ತು ಸಾವಿರ ಚಿಲ್ಲರೆ ಅರ್ಜಿ ಬಂದಿದ್ದವು, 2025ರಲ್ಲಿ ಅದು 17 ಸಾವಿರ ದಾಟಿತು. ಅಂಕ ನಿಗದಿತ ಮಟ್ಟಕ್ಕಿಂತ ಕಡಿಮೆ ಬಂದರೆ ಮರುವರ್ಷ ಅದೇ ಸಂಸ್ಥೆಯ ಜೊತೆ ಮತ್ತೆ ಹಾಕುವ ಹಾಗೂ ಇಲ್ಲ, ಹಾಗಾಗಿ "ಒಂದು ಕೈ ನೋಡೋಣ" ಅಂತ ಹಾಕಬೇಡಿ.

ಜರ್ಮನಿಯ ಹುಂಬೋಲ್ಟ್ ಬೇರೆ ಥರ. ವರ್ಷವಿಡೀ ಅರ್ಜಿ ಹಾಕಬಹುದು, 6ರಿಂದ 24 ತಿಂಗಳು, ಪಿಎಚ್‌ಡಿ ಆಗಿ 4 ವರ್ಷದೊಳಗಿನವರಿಗೆ. ಕೀಲ್‌ನ ಗಿಯೋಮಾರ್, ಬ್ರೆಮರ್‌ಹಾಫನ್‌ನ ಆಲ್ಫ್ರೆಡ್ ವೆಗೆನರ್, ಹ್ಯಾಂಬರ್ಗ್, ಎಲ್ಲೆಡೆ ಹೋಸ್ಟ್ ಸಿಗುತ್ತಾರೆ. ಹ್ಯಾಂಬರ್ಗ್ ಮತ್ತು ಬ್ರೆಮೆನ್ ಸುತ್ತ 2016ರಿಂದ ನಡೆಯುತ್ತಿರುವ ಟಿಆರ್‌ಆರ್ 181 ಅನ್ನುವ ದೊಡ್ಡ ಯೋಜನೆ ಇದೆ. ವಾತಾವರಣ ಮತ್ತು ಸಮುದ್ರದಲ್ಲಿ ಶಕ್ತಿ ಒಂದು ಅಳತೆಯಿಂದ ಇನ್ನೊಂದಕ್ಕೆ ಹೇಗೆ ಹೋಗುತ್ತದೆ ಅನ್ನುವುದೇ ಅದರ ವಿಷಯ, ಗಣಿತದವರಿಗೂ ಫ್ಲೂಯಿಡ್ಸ್‌ನವರಿಗೂ ಅಲ್ಲಿ ಜಾಗ ಇದೆ.

ಜಪಾನಿನ ಜೆಎಸ್‌ಪಿಎಸ್ 12ರಿಂದ 24 ತಿಂಗಳು, ಪಿಎಚ್‌ಡಿ ಆಗಿ 6 ವರ್ಷದೊಳಗೆ. ಅರ್ಜಿ ಹೋಗೋದು ಅಲ್ಲಿನ ಹೋಸ್ಟ್ ಕಡೆಯಿಂದ. ವುಡ್ಸ್ ಹೋಲ್‌ನ ಪೋಸ್ಟ್‌ಡಾಕ್ಟೋರಲ್ ಸ್ಕಾಲರ್ 18 ತಿಂಗಳು, ಅಕ್ಟೋಬರ್ ಮಧ್ಯದ ಹೊತ್ತಿಗೆ ಮುಚ್ಚುತ್ತದೆ. ಯಾವ ದೇಶದವರೂ ಹಾಕಬಹುದು, ಫ್ಲೂಯಿಡ್ ಡೈನಮಿಕ್ಸ್‌ನವರಿಗೆ ಹಳೆಯ ನಂಟಿರುವ ಜಾಗ. ಅಮೆರಿಕದ ಎನ್‌ಎಸ್‌ಎಫ್‌ನ ಓಷನ್ ಸೈನ್ಸಸ್ ಫೆಲೋಶಿಪ್ ಮಾತ್ರ ಅಲ್ಲಿನ ಪೌರರಿಗೆ ಮತ್ತು ಕಾಯಂ ನಿವಾಸಿಗಳಿಗೆ, ಅರ್ಧ ಬರೆದ ಮೇಲೆ ಇದು ಗೊತ್ತಾದವರು ಬಹಳ ಮಂದಿ. ಈಚೆಗೆ ಅಮೆರಿಕದ ಫೆಡರಲ್ ಹಣದ ಮೇಲೆ ನಿಂತ ಹುದ್ದೆಗಳೆಲ್ಲ ಅಲುಗಾಡುತ್ತಿವೆ, ಆ ಕಡೆ ಒಂದನ್ನೇ ನಂಬಿ ಕೂರಬೇಡಿ.

ಅರ್ಜಿ ಹಾಕುವ ವರ್ಷದ ನಿಯಮದ ಪುಸ್ತಿಕೆಯನ್ನು ನೀವೇ ಓದಿ. ಹಳೆಯ ಫೆಲೋ ಹೇಳಿದ ನಿಯಮ ಈ ವರ್ಷ ಇರಬೇಕು ಅಂತೇನಿಲ್ಲ.

ಗಟ್ಟಿಮುಟ್ಟು:

ಎಲ್ಲರೂ ಫೆಲೋಶಿಪ್ ಫೆಲೋಶಿಪ್ ಅಂತಾರೆ. ನಾನು ಉಲ್ಟಾ ಹೇಳುತ್ತೇನೆ.

ಕ್ಷೇತ್ರ ಬದಲಿಸುವವರಿಗೆ ಮೊದಲ ಪೋಸ್ಟ್‌ಡಾಕ್ ಪ್ರಾಜೆಕ್ಟ್ ಹುದ್ದೆಯೇ ಆಗಿರಲಿ. ಫೆಲೋಶಿಪ್‌ನಲ್ಲಿ ನಿಮ್ಮ ಐಡಿಯಾ, ನಿಮ್ಮ ಹಣ, ನಿಮ್ಮ ಸ್ವಾತಂತ್ರ್ಯ, ಎಲ್ಲ ನಿಜ. ಆದರೆ ಸಮುದ್ರ ನೋಡದೇ ಇರುವವರು ಸಮುದ್ರದ ಬಗ್ಗೆ ಬರೆಯುವ ಐಡಿಯಾ ಎಷ್ಟು ಗಟ್ಟಿ ಇರುತ್ತದೆ ಹೇಳಿ? ಪ್ರಾಜೆಕ್ಟ್‌ನಲ್ಲಿ ಆಗಲೇ ಮೂರಿಂಗ್ (ತಳಕ್ಕೆ ಲಂಗರು ಹಾಕಿದ ಉಪಕರಣಗಳ ಸಾಲು) ನೀರಿಗಿಳಿದಿರುತ್ತದೆ, ಡೇಟಾ ಬರುತ್ತಿರುತ್ತದೆ, ಪಕ್ಕದ ಕೋಣೆಯಲ್ಲಿ ಟೆಕ್ನಿಶಿಯನ್ ಇರುತ್ತಾರೆ, ಕಲಿಯೋದು ತಾನಾಗೇ ಆಗುತ್ತದೆ. ಇನ್ನೊಂದು ವಿಷಯ ಯಾರೂ ಹೇಳಲ್ಲ: ಕೆಲವು ಕಡೆ ಫೆಲೋಗಳು ಲೆಕ್ಕದಲ್ಲಿ ನೌಕರರೇ ಅಲ್ಲ. ಸ್ಟೈಪೆಂಡ್ ಬರುತ್ತದೆ, ಪಿಂಚಣಿ ನಿಧಿ ಇರೋದಿಲ್ಲ, ವಿಮೆ ನೀವೇ ನೋಡಿಕೊಳ್ಳಬೇಕು. ಪ್ರಾಜೆಕ್ಟ್ ಪೋಸ್ಟ್‌ಡಾಕ್‌ಗೆ ಸಾಮಾನ್ಯವಾಗಿ ಸರಿಯಾದ ನೌಕರಿ ಕರಾರು ಸಿಗುತ್ತದೆ.

ಎರಡನೇ ಪೋಸ್ಟ್‌ಡಾಕ್‌ಗೆ ಫೆಲೋಶಿಪ್ ಹಾಕಿ, ಆಗ ನಿಮ್ಮ ಹತ್ತಿರ ಹೇಳೋಕೆ ಏನಾದರೂ ಇರುತ್ತದೆ.

ತಿಂಗಳ_ಕೊನೆ:

@ಗಟ್ಟಿಮುಟ್ಟು ಅರ್ಧ ಒಪ್ಪುತ್ತೇನೆ. ಪ್ರಾಜೆಕ್ಟ್‌ನಲ್ಲಿ ಎರಡು ವರ್ಷದ ಗ್ರಾಂಟಿನಲ್ಲಿ ಒಂದು ವರ್ಷ ಆಗಲೇ ಮುಗಿದ ಮೇಲೆ ನಿಮ್ಮನ್ನು ಕರೆದುಕೊಂಡು, ಬೇರೆಯವರು ಬಿಟ್ಟುಹೋದ ಕೋಡ್ ಕೊಟ್ಟು ರಿಪೋರ್ಟ್ ಬರೆಸುವುದೂ ಇದೆ. ಫೆಲೋಶಿಪ್ ಅರ್ಜಿಗೆ ಹೋಸ್ಟ್ ಜೊತೆ ಎರಡು ಮೂರು ತಿಂಗಳು ಕೂತು ಬರೆಯುವಾಗಲೇ ಅವರು ಎಂಥವರು ಅಂತ ಗೊತ್ತಾಗಿಬಿಡುತ್ತದೆ. ಅರ್ಜಿ ಬಿದ್ದರೂ ಎಷ್ಟೋ ಸಲ ಅದೇ ಹೋಸ್ಟ್ "ನನ್ನ ಪ್ರಾಜೆಕ್ಟಿನಲ್ಲಿ ಜಾಗ ಇದೆ, ಬಾ" ಅಂತಾರೆ. ಎರಡನ್ನೂ ಒಟ್ಟಿಗೇ ಓಡಿಸಬೇಕು.

ಪದರಪದರ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಉಪ್ಪುಗಾಳಿ ಅವರೇ, ನಮ್ಮ ಪ್ರಾಂಟ್ಲ್ ಸಂಖ್ಯೆ 1. ಸರಿಯಾಗಿ ಊಹಿಸಿದ್ದೀರಿ. :)

ನಾನು ಹಾಕಿದ್ದ ಮೇಲ್ ಕನ್ನಡದಲ್ಲಿ ಹೀಗಿತ್ತು, ಏನು ತಪ್ಪಿದೆ ಹೇಳಿ:

"ಗೌರವಾನ್ವಿತ ಪ್ರೊಫೆಸರ್ ಅವರಿಗೆ, ನಾನು ಇಂಥ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದು ಫ್ಲೂಯಿಡ್ ಡೈನಮಿಕ್ಸ್‌ನಲ್ಲಿ ಆಳವಾದ ಆಸಕ್ತಿ ಹೊಂದಿದ್ದೇನೆ. ತಮ್ಮ ಪ್ರತಿಷ್ಠಿತ ಗುಂಪಿನ ಸಂಶೋಧನೆ ನನ್ನನ್ನು ಬಹಳ ಆಕರ್ಷಿಸಿದೆ. ನನಗೆ ಫೋರ್ಟ್ರಾನ್, ಪೈಥಾನ್, ಪ್ಯಾರಲಲ್ ಕಂಪ್ಯೂಟಿಂಗ್ ಚೆನ್ನಾಗಿ ಬರುತ್ತದೆ. ತಮ್ಮಲ್ಲಿ ಪೋಸ್ಟ್‌ಡಾಕ್ ಅವಕಾಶ ಇದ್ದರೆ ದಯವಿಟ್ಟು ತಿಳಿಸಿ. ಸಿವಿ ಲಗತ್ತಿಸಿದ್ದೇನೆ."

ಉಪ್ಪುಗಾಳಿ:

ತಪ್ಪೇನೂ ಇಲ್ಲ, ಅದೇ ತೊಂದರೆ. ಹೆಸರು ತೆಗೆದರೆ ಈ ಮೇಲ್ ಲೋಕದ ಯಾವ ಪ್ರೊಫೆಸರಿಗಾದರೂ ಹೋಗಬಹುದು. ಅವರೂ ಹಾಗೇ ಓದುತ್ತಾರೆ.

ಸಾಲು ಸಾಲಾಗಿ ನೋಡೋಣ. "ಆಳವಾದ ಆಸಕ್ತಿ", ಹೊಡೆದುಹಾಕಿ. "ಪ್ರತಿಷ್ಠಿತ ಗುಂಪು", ಅದನ್ನೂ. ಫೋರ್ಟ್ರಾನ್ ಪೈಥಾನ್ ಸಿವಿಯಲ್ಲಿದೆ, ಅಲ್ಲೇ ಇರಲಿ. "ಅವಕಾಶ ಇದ್ದರೆ ತಿಳಿಸಿ" ಅಂದರೆ ಅವರು "ಇಲ್ಲ" ಅಂತ ಯೋಚಿಸಿ ಸುಮ್ಮನಾಗುತ್ತಾರೆ, ಯಾಕೆಂದರೆ ಆ ದಿನ ಅವರ ಕೈಯಲ್ಲಿ ಹಣ ಇರೋದಿಲ್ಲ. ಹಣದ ಪ್ರಶ್ನೆಯಿಂದ ಶುರು ಮಾಡಬೇಡಿ. ಸಬ್ಜೆಕ್ಟ್ ಲೈನಿನಲ್ಲಿ "ಪೋಸ್ಟ್‌ಡಾಕ್ ವಿಚಾರಣೆ" ಅನ್ನುವ ಬದಲು ವಿಷಯವೇ ಇರಲಿ.

ನಾನಾದರೆ ಹೀಗೆ ಬರೆಯುತ್ತಿದ್ದೆ:

"ಇಳಿಜಾರಿನ ಮೇಲೆ ನೀವು ಅಳೆದ ಮೈಕ್ರೋಸ್ಟ್ರಕ್ಚರ್ ಪೇಪರ್‌ನ ಏಳನೇ ಚಿತ್ರದಲ್ಲಿ ಗಾಮಾ ಬೆಲೆಗಳು 0.2ರ ಎರಡೂ ಕಡೆ ಚೆದುರಿವೆ. ಅದಕ್ಕೆ ಕಾರಣ ಸ್ಪಷ್ಟವಿಲ್ಲ ಅಂತ ಬರೆದಿದ್ದೀರಿ. ನನ್ನ ಡಿಎನ್‌ಎಸ್‌ನಲ್ಲಿ ಸುರುಳಿ ಎಳೆಯದಾಗಿರುವಾಗ ಗಾಮಾ ಹೆಚ್ಚು, ಒಡೆದು ಟರ್ಬುಲೆನ್ಸ್ ಬೆಳೆದ ಮೇಲೆ 0.2ರ ಹತ್ತಿರಕ್ಕೆ ಇಳಿಯುತ್ತದೆ. ನಿಮ್ಮ ಪ್ರೊಫೈಲ್‌ಗಳನ್ನು ಥಾರ್ಪ್ ಅಳತೆ ಮತ್ತು ಓಜ್ಮಿಡೋವ್ ಅಳತೆಯ ಅನುಪಾತದ ಮೇಲೆ ಬೇರ್ಪಡಿಸಿದರೆ ಇದೇ ನಡವಳಿಕೆ ಕಾಣುತ್ತದಾ ಅಂತ ನೋಡಬೇಕು ಅನ್ನಿಸಿದೆ. ನನ್ನ ಪ್ರಾಂಟ್ಲ್ ಸಂಖ್ಯೆ 1 ಅನ್ನುವ ಮಿತಿ ಇದೆ. ಒಂದು ಪುಟದ ಟಿಪ್ಪಣಿ ಲಗತ್ತಿಸಿದ್ದೇನೆ. ಮುಂದಿನ ವರ್ಷ ಪಿಎಚ್‌ಡಿ ಮುಗಿಯುತ್ತದೆ, ಇದನ್ನು ಫೆಲೋಶಿಪ್ ಅರ್ಜಿಯಾಗಿ ಬೆಳೆಸಲು ನಿಮಗೆ ಆಸಕ್ತಿ ಇದೆಯೇ?"

ಅಷ್ಟೇ. (ಥಾರ್ಪ್ ಅಳತೆ ಅಂದರೆ ನೀರು ಎಷ್ಟು ತಲೆಕೆಳಗಾಗಿದೆ ಅನ್ನುವುದು, ಓಜ್ಮಿಡೋವ್ ಅಳತೆ ಅಂದರೆ ಪದರಗಳು ಬಿಟ್ಟುಕೊಡುವ ಅತಿ ದೊಡ್ಡ ಸುಳಿ. ಇವೆರಡರ ಅನುಪಾತ ಸುರುಳಿಯ ವಯಸ್ಸಿನ ಸುಳಿವು ಕೊಡುತ್ತದೆ.) ಇದಕ್ಕೆ ಉತ್ತರ ಬರೆಯದೇ ಇರೋಕೆ ಅವರಿಗೆ ಕಷ್ಟ, ಯಾಕೆಂದರೆ ಅವರ ತಲೆ ತಿನ್ನುತ್ತಿರುವ ಚಿತ್ರದ ಬಗ್ಗೆಯೇ ಕೇಳಿದ್ದೀರಿ. ಎರಡು ವಾರ ಕಾದು ಒಂದು ಸಲ ನೆನಪಿಸಿ. ಮೌನ ಅಂದರೆ ಬೇಡ ಅಂತಲೇ ಅಲ್ಲ, ಬಹಳ ಸಲ ಹಡಗಿನಲ್ಲಿರುತ್ತಾರೆ. ಅಲ್ಲಿ ಪಾಳಿ 12 ಗಂಟೆ ಕೆಲಸ, 12 ಗಂಟೆ ಬಿಡುವು ಅಂತ ಇರೋದು ಮಾಮೂಲಿ, ಬಿಡುವಿನಲ್ಲಿ ಯಾರೂ ಅಪರಿಚಿತರ ಮೇಲ್ ಓದೋದಿಲ್ಲ.

ಆ ಒಂದು ಪುಟದ ಟಿಪ್ಪಣಿಗೆ ಒಂದು ಚಿತ್ರ ಬೇಕು, ಅದು ನಿಜವಾದ ಕಡಲ ಡೇಟಾದ್ದಾಗಿರಬೇಕು. ಎಲ್ಲ ಬಿಟ್ಟಿ ಸಿಗುತ್ತದೆ. ಆರ್ಗೊ ತೇಲುಗಗಳು ಸುಮಾರು 4000 ಇವೆ. 1000 ಮೀಟರ್ ಆಳದಲ್ಲಿ ತೇಲುತ್ತಾ ಹತ್ತು ದಿನಕ್ಕೊಮ್ಮೆ 2000 ಮೀಟರಿಗೆ ಇಳಿದು ಮೇಲೆ ಬರುವಾಗ ತಾಪ, ಉಪ್ಪು ಅಳೆಯುತ್ತವೆ, ಡೇಟಾ ಎಲ್ಲರಿಗೂ ತೆರೆದಿದೆ. ಮೈಕ್ರೋಸ್ಟ್ರಕ್ಚರ್ ಬೇಕೆಂದರೆ ಆಟಮಿಕ್ಸ್ ಅನ್ನುವ ಅಂತರರಾಷ್ಟ್ರೀಯ ಕಾರ್ಯಗುಂಪು ಶಿಯರ್ ಪ್ರೋಬ್ ಡೇಟಾದ ಮಾದರಿ ಸೆಟ್‌ಗಳನ್ನೂ, ಅದನ್ನು ಹಂತಹಂತವಾಗಿ ಸಂಸ್ಕರಿಸುವ ಕ್ರಮವನ್ನೂ ಪ್ರಕಟಿಸಿದೆ. ಅದರಲ್ಲಿ ಒಂದು ಸೆಟ್ ಇಳಿಸಿಕೊಂಡು ಕಚ್ಚಾ ಸಿಗ್ನಲ್‌ನಿಂದ ಸ್ಪೆಕ್ಟ್ರಮ್ ತೆಗೆದು ನ್ಯಾಸ್ಮಿತ್ ವಕ್ರರೇಖೆಯ (ಟರ್ಬುಲೆನ್ಸಿನ ಮಾದರಿ ಸ್ಪೆಕ್ಟ್ರಮ್) ಮೇಲೆ ಇಟ್ಟು ನೋಡಿ. ಒಂದು ಕಡೆ ಚೂಪಾದ ಮೊನೆ ಎದ್ದಿರುತ್ತದೆ, ಅದು ಟರ್ಬುಲೆನ್ಸ್ ಅಲ್ಲ, ಉಪಕರಣದ ನಡುಕ. ಅದನ್ನು ವೇಗವರ್ಧಕ ಸಂವೇದಕದ ಸಿಗ್ನಲ್ ಬಳಸಿ ತೆಗೆಯಬೇಕು. ಇದನ್ನು ಕೈಯಾರೆ ಒಂದು ಸಲ ಮಾಡಿದರೆ "ಸಮುದ್ರದ ಡೇಟಾ ಗೊತ್ತಿಲ್ಲ" ಅನ್ನುವ ನಿಮ್ಮ ಭಯ ಮುಕ್ಕಾಲು ಹೋಗುತ್ತದೆ. ಸಂದರ್ಶನದಲ್ಲಿ ಹೇಳೋಕೂ ಒಂದು ಮಾತು ಸಿಗುತ್ತದೆ.

ತೊಟ್ಟಿವಾಲಾ:

ಲ್ಯಾಬ್ ಪ್ರಯೋಗ ಮಾಡುವವರನ್ನು ಎಲ್ಲರೂ ಮರೆತಿದ್ದೀರಿ! ಗ್ರೆನೋಬಲ್‌ನಲ್ಲಿ ಕೊರಿಯೊಲಿ ವೇದಿಕೆ ಇದೆ, 13 ಮೀಟರ್ ಅಡ್ಡಳತೆಯ ತಿರುಗುವ ತೊಟ್ಟಿ. ಕ್ಯಾನ್‌ಬೆರಾದ ಎಎನ್‌ಯು, ಕೇಂಬ್ರಿಡ್ಜ್‌ನ ಡಿಎಎಮ್‌ಟಿಪಿ, ವುಡ್ಸ್ ಹೋಲ್, ಇಲ್ಲೆಲ್ಲ ಜಿಎಫ್‌ಡಿ (ಭೂಮಿಯ ಗಾಳಿ, ಕಡಲಿನ ಫ್ಲೂಯಿಡ್ ಡೈನಮಿಕ್ಸ್) ಪ್ರಯೋಗದ ಸಂಪ್ರದಾಯ ಇದೆ. ಡಿಎನ್‌ಎಸ್ ಗೊತ್ತಿರುವವರನ್ನು ನಾವು ಕೈ ಚಾಚಿ ಕರೆಯುತ್ತೇವೆ. ತೊಟ್ಟಿಯಲ್ಲಿ ಉಪ್ಪುನೀರು, ಅಂದರೆ ಪ್ರಾಂಟ್ಲ್ ಸಂಖ್ಯೆ 700, ನಿಮ್ಮ ಕಂಪ್ಯೂಟರ್‌ನಲ್ಲಿ 1, ನಡುವಿನ ಜಾಗದಲ್ಲಿ ಎಷ್ಟು ಕೆಲಸ ಇದೆ ಲೆಕ್ಕ ಹಾಕಿ.

ಇನ್ನೊಂದು. ನಿಮಗೆ ಪದರ ಗೊತ್ತು, ಭೂಮಿಯ ತಿರುಗುವಿಕೆಯ ಪರಿಣಾಮ ಗೊತ್ತಾ? ಮೆಕ್ಯಾನಿಕಲ್‌ನಿಂದ ಬಂದವರು ಜಿಯೋಸ್ಟ್ರಾಫಿಕ್ ಸಮತೋಲನ, ಎಕ್ಮನ್ ಪದರ, ಪೊಟೆನ್ಶಿಯಲ್ ವೋರ್ಟಿಸಿಟಿ ಇಷ್ಟರಲ್ಲಿ ತಡವರಿಸಿದರೆ ಸಂದರ್ಶನ ಅಲ್ಲೇ ತಣ್ಣಗಾಗುತ್ತದೆ. ವುಡ್ಸ್ ಹೋಲ್‌ನಲ್ಲಿ 1959ರಿಂದ ಜಿಎಫ್‌ಡಿ ಬೇಸಿಗೆ ಕಾರ್ಯಕ್ರಮ ನಡೆಯುತ್ತಿದೆ. ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಹತ್ತು ವಾರ, ಮೊದಲು ಪಾಠ, ಆಮೇಲೆ ಒಂದು ಹೊಸ ಸಮಸ್ಯೆ. ನಿಮಗೆ ಸಮಯ ಮೀರಿರಬಹುದು, ಆದರೆ ಪ್ರತಿ ವರ್ಷದ ಪಾಠದ ಟಿಪ್ಪಣಿಗಳು ಉಚಿತವಾಗಿ ಸಿಗುತ್ತವೆ. ಕೇಂಬ್ರಿಡ್ಜ್ ಮತ್ತು ಪ್ಯಾರಿಸ್ ಹತ್ತಿರದ ಎಕೋಲ್ ಪಾಲಿಟೆಕ್ನಿಕ್ ಸರದಿಯಲ್ಲಿ ನಡೆಸುವ ಎಫ್‌ಡಿಎಸ್‌ಇ ಅನ್ನುವ, ಪರಿಸರದ ಫ್ಲೂಯಿಡ್ ಡೈನಮಿಕ್ಸ್ ಕಲಿಸುವ ಬೇಸಿಗೆ ಶಾಲೆಯೂ ನಿಮ್ಮಂಥವರಿಗೇ.

ಜಿಪಿಯು_ಗುರು:

ಮಾಡೆಲ್ ಕಡೆಯವನಾಗಿ ಎರಡು ಮಾತು. ಮಷೀನ್ ಲರ್ನಿಂಗ್ ಇಲ್ಲ ಅಂತ ತಲೆ ಕೆಡಿಸಿಕೊಳ್ಳಬೇಡಿ. ಜಾಹೀರಾತಿನಲ್ಲಿ ಆ ಪದ ಇದ್ದರೆ ಗ್ರಾಂಟ್ ಸಿಗುತ್ತದೆ, ಅದಕ್ಕೇ ಹಾಕಿರುತ್ತಾರೆ. ನ್ಯೂರಲ್ ನೆಟ್‌ವರ್ಕ್ ತರಬೇತಿ ಮಾಡುವವರು ಬೇಕಾದಷ್ಟು ಸಿಗುತ್ತಾರೆ. ಅದಕ್ಕೆ ಉಣಿಸುವ ನಂಬಬಹುದಾದ ಎಲ್‌ಇಎಸ್ (ದೊಡ್ಡ ಸುಳಿಗಳನ್ನಷ್ಟೇ ನೇರ ಲೆಕ್ಕ ಹಾಕುವ ಸಿಮ್ಯುಲೇಶನ್) ಡೇಟಾ ತಯಾರಿಸಬಲ್ಲವರು, ಬಂದ ಉತ್ತರ ಶಕ್ತಿ ಸಂರಕ್ಷಣೆಯನ್ನೇ ಮುರಿದಿದೆ ಅಂತ ನೋಡಿದ ಕೂಡಲೇ ಹೇಳಬಲ್ಲವರು ಕಡಿಮೆ. ನೀವು ಎರಡನೇ ಗುಂಪಿನವರು.

ದೊಡ್ಡ ಮಾಡೆಲ್ ಕಲಿಯೋಕೆ ಭಯವೇ ಬೇಡ. ಡಿಎನ್‌ಎಸ್ ಕೋಡ್ ಬರೆದವರಿಗೆ ಎಂಐಟಿಜಿಸಿಎಂನಲ್ಲಿ ಒಂದು ಉದಾಹರಣೆ ಓಡಿಸೋದು ವಾರಾಂತ್ಯದ ಕೆಲಸ. ಜೂಲಿಯಾದಲ್ಲಿ ಬರೆದ ಓಷನಾನಿಗನ್ಸ್ ಇದೆ, ಜಿಪಿಯು ಮೇಲೆ ಓಡುತ್ತದೆ, ನಿಮ್ಮ ಪೆಟ್ಟಿಗೆಯ ಗಾತ್ರದಿಂದ ಜಾಗತಿಕ ಮಾಡೆಲ್‌ವರೆಗೆ ಒಂದೇ ಭಾಷೆಯಲ್ಲಿ ಹೋಗಬಹುದು. ಕೋಡ್ ತೆರೆದದ್ದು, ಸಣ್ಣ ದೋಷವೊಂದನ್ನು ಸರಿಪಡಿಸಿ ಕಳಿಸಿದರೂ ಆ ಗುಂಪಿನವರಿಗೆ ನಿಮ್ಮ ಹೆಸರು ಗೊತ್ತಾಗುತ್ತದೆ. ಇದು ನೂರು ಮೇಲ್‌ಗಿಂತ ವಾಸಿ.

ಪ್ರಿನ್ಸ್‌ಟನ್‌ನಲ್ಲಿ ಮಾಮ್-6 ಮಾಡೆಲ್ ಬೆಳೆಸುವ ಜಿಎಫ್‌ಡಿಎಲ್, ಯುರೋಪಿನಲ್ಲಿ ನೀಮೊ ಬಳಸುವ ಕೇಂದ್ರಗಳು, ಎಲ್ಲರಿಗೂ ಮಿಕ್ಸಿಂಗ್ ಪ್ಯಾರಾಮೀಟರೈಸೇಶನ್ (ಮಾಡೆಲ್‌ನ ಜಾಲರಿಗೆ ಸಿಗದ ಸಣ್ಣ ಮಿಕ್ಸಿಂಗನ್ನು ಸೂತ್ರದಲ್ಲಿ ಹಿಡಿಯೋದು) ತಲೆನೋವೇ. ಮೇಲ್ಪದರಕ್ಕೆ 1994ರ ಕೆಪಿಪಿ ಸ್ಕೀಮ್ ಇವತ್ತಿಗೂ ಬಹಳ ಕಡೆ ಓಡುತ್ತಿದೆ ಅಂದರೆ ಯೋಚನೆ ಮಾಡಿ. ಉಪಗ್ರಹದ ಕಡೆ ಇಷ್ಟವಿದ್ದರೆ 2022ರ ಡಿಸೆಂಬರ್‌ನಲ್ಲಿ ಹಾರಿದ ಸ್ವಾಟ್ ಇದೆ. 120 ಕಿಲೋಮೀಟರ್ ಅಗಲದ ಪಟ್ಟಿಯಲ್ಲಿ ಕಡಲ ಮೇಲ್ಮೈ ಎತ್ತರ ಅಳೆಯುತ್ತದೆ, 21 ದಿನಕ್ಕೊಮ್ಮೆ ಅದೇ ದಾರಿಗೆ ಬರುತ್ತದೆ. ಅದರಲ್ಲಿ ಒಳ ಅಲೆಗಳನ್ನೂ ಸುಳಿಗಳನ್ನೂ ಬೇರೆ ಮಾಡೋದು ಹೇಗೆ ಅನ್ನುವುದಕ್ಕೇ ಸಾಕಷ್ಟು ಪೋಸ್ಟ್‌ಡಾಕ್ ಹುದ್ದೆಗಳು ಹುಟ್ಟಿವೆ.

ಪದರಪದರ:

ಇಷ್ಟು ಸಿಗುತ್ತದೆ ಅಂತ ಅಂದುಕೊಂಡಿರಲಿಲ್ಲ. ಆಟಮಿಕ್ಸ್ ಡೇಟಾ ಆಗಲೇ ಇಳಿಸಿಕೊಂಡೆ, ಮೊನೆ ಕಾಣಿಸಿತು. ಕೊನೆಯದಾಗಿ ಒಂದೇ ಪ್ರಶ್ನೆ: ಯಾರಾದರೂ ಮಾತಾಡೋಣ ಅಂತ ಕರೆದರೆ ನಾನು ಅವರನ್ನು ಏನು ಕೇಳಬೇಕು? ಕೇಳಿದರೆ ಬೇಜಾರು ಮಾಡಿಕೊಳ್ತಾರಾ?

ಗಟ್ಟಿಮುಟ್ಟು:

ಬೇಜಾರು ಮಾಡಿಕೊಂಡರೆ ಅದೇ ಉತ್ತರ, ಅಲ್ಲಿಗೆ ಹೋಗಬೇಡಿ.

ಗ್ರಾಂಟ್ ಯಾವತ್ತು ಮುಗಿಯುತ್ತದೆ ಅಂತ ಕೇಳಿ, ಎಷ್ಟು ವರ್ಷದ್ದು ಅಂತ ಅಲ್ಲ. ಕರಾರು ಮೊದಲ ಸಲ ಎಷ್ಟು ತಿಂಗಳಿಗೆ, ಮುಂದುವರಿಸೋದು ಯಾವುದರ ಮೇಲೆ ನಿಂತಿದೆ ಅಂತ ಕೇಳಿ. ಕ್ರೂಸ್ ನಂಬಿಕೊಂಡ ಪ್ರಾಜೆಕ್ಟ್ ಆದರೆ ಹಡಗಿನ ದಿನಾಂಕ ಖಚಿತವಾಗಿದೆಯಾ, ಅದು ಮುಂದೆ ಹೋದರೆ ನಿಮ್ಮ ಕೆಲಸ ಏನು? ಹಡಗಿನ ವೇಳಾಪಟ್ಟಿ ಜಾರೋದು ಬಹಳ ಮಾಮೂಲಿ, ಎರಡು ವರ್ಷದ ಕರಾರಿನಲ್ಲಿ ಒಂದು ಕ್ರೂಸ್ ಒಂದು ವರ್ಷ ಮುಂದೆ ಹೋದರೆ ನಿಮ್ಮ ಪೇಪರೂ ಹೋಯಿತು. ಕೈಯಲ್ಲಿ ಈಗಾಗಲೇ ಇರುವ ಡೇಟಾ ಯಾವುದು, ಅದರಲ್ಲಿ ಮೊದಲ ಲೇಖಕರಾಗಿ ನಾನು ಬರೆಯಬಹುದಾ ಅಂತ ನೇರ ಕೇಳಿ. ಹೋಗುವಾಗ ನನ್ನ ಸಮಸ್ಯೆಯನ್ನು ನಾನು ತೆಗೆದುಕೊಂಡು ಹೋಗಬಹುದಾ ಅಂತಲೂ ಕೇಳಿ. ಇದನ್ನು ಯಾರೂ ಕೇಳಲ್ಲ, ಆಮೇಲೆ ಸ್ವಂತ ಗುಂಪು ಕಟ್ಟುವಾಗ ಗೊತ್ತಾಗುತ್ತದೆ.

ಎಲ್ಲಕ್ಕಿಂತ ಮುಖ್ಯ, ಈ ಹಿಂದೆ ಅಲ್ಲಿದ್ದ ಪೋಸ್ಟ್‌ಡಾಕ್‌ಗಳು ಈಗ ಎಲ್ಲಿದ್ದಾರೆ ನೋಡಿ, ಅವರಲ್ಲಿ ಒಬ್ಬರ ಜೊತೆ ಫೋನಿನಲ್ಲಿ ಮಾತಾಡಿ. ಮೇಲ್‌ನಲ್ಲಿ ಯಾರೂ ಕೆಟ್ಟದ್ದು ಬರೆಯೋದಿಲ್ಲ.

ಉಪ್ಪುಗಾಳಿ:

ಇದಕ್ಕೊಂದು ಸೇರಿಸುತ್ತೇನೆ. ಸಮ್ಮೇಳನದಲ್ಲಿ ಎದುರಾಎದುರು ಸಿಕ್ಕರೆ ಹತ್ತು ನಿಮಿಷದಲ್ಲಿ ಅರ್ಧ ಪ್ರಶ್ನೆಗೆ ಉತ್ತರ ಸಿಗುತ್ತದೆ. ನಿಮ್ಮ ಜನ ನವೆಂಬರ್‌ನ ಎಪಿಎಸ್ ಫ್ಲೂಯಿಡ್ಸ್ ಸಭೆಗೆ ಹೋಗುತ್ತಾರೆ, ಸಮುದ್ರದವರು ಅಲ್ಲಿ ಕಡಿಮೆ. ವಿಯೆನ್ನಾದಲ್ಲಿ ವಸಂತದಲ್ಲಿ ನಡೆಯುವ ಇಜಿಯು, ಎರಡು ವರ್ಷಕ್ಕೊಮ್ಮೆ ಫೆಬ್ರವರಿ ಸುಮಾರಿಗೆ ಬರುವ ಓಷನ್ ಸೈನ್ಸಸ್ ಮೀಟಿಂಗ್, ಇವುಗಳಲ್ಲಿ ಯಾವುದಾದರೂ ಒಂದಕ್ಕೆ ಪೋಸ್ಟರ್ ಹಾಕಿ. ಪೋಸ್ಟರ್ ಅಂದೆ, ಭಾಷಣ ಅಲ್ಲ. ಪೋಸ್ಟರ್ ಮುಂದೆ ಜನ ನಿಂತು ಜಗಳ ಆಡುತ್ತಾರೆ, ಆ ಜಗಳವೇ ಸಂದರ್ಶನ. ಸಾರಾಂಶ ಕೊಡುವ ಕೊನೆ ದಿನ ಸಭೆಗಿಂತ ತಿಂಗಳುಗಟ್ಟಲೆ ಮೊದಲೇ ಇರುತ್ತದೆ, ಇವತ್ತೇ ನೋಡಿಕೊಳ್ಳಿ.

ಆ ಮೊನೆ ತೆಗೆದ ಮೇಲಿನ ಸ್ಪೆಕ್ಟ್ರಮ್ ಇಲ್ಲಿ ಹಾಕಿ, ನೋಡೋಣ.